ಜೇನುತುಪ್ಪ ಕೊಡದ ಜೇನುಗಳು

2022ರಲ್ಲಿ ಪಶ್ಚಿಮಘಟ್ಟದಿಂದ ಹೊಸ ಜೇನೊಂದರ ಸುದ್ದಿ ಬಂತು. ಕೇರಳದ ಕೀಟಶಾಸ್ತ್ರಜ್ಞರ ತಂಡವೊಂದು ಗೋವಾದಿಂದ ಕೇರಳದವರೆಗೆ, ನಮ್ಮ ಮಲೆನಾಡನ್ನೂ ಒಳಗೊಂಡಂತೆ ಹರಡಿರುವ ಕಪ್ಪು ಮೈಯ ಜೇನನ್ನು ಪ್ರತ್ಯೇಕ ಪ್ರಭೇದವೆಂದು ವಿವರಿಸಿ, ಏಪಿಸ್ ಕರಿಂಜೋಡಿಯನ್ ಎಂದು ಹೆಸರಿಟ್ಟಿತು. ಅದಕ್ಕೂ ಹಿಂದೆ ಭಾರತದಿಂದ ಏಪಿಸ್ ಕುಲದ ಜೇನೊಂದು ಹೀಗೆ ಹೆಸರು ಪಡೆದದ್ದು 1798ರಲ್ಲಿ, ಫ್ಯಾಬ್ರಿಷಿಯಸ್ ಏಪಿಸ್ ಇಂಡಿಕಾವನ್ನು ವಿವರಿಸಿದಾಗ. ಇನ್ನೂರು ವರ್ಷಗಳ ಅಂತರ ಎಂಬ ಕಾರಣಕ್ಕೆ ಪತ್ರಿಕೆಗಳು ಸಂಭ್ರಮಿಸಿದವು. ಘಟ್ಟದ ಜೇನು ಸಾಕುವವರಿಗೆ ಮಾತ್ರ ಆ ನೊಣ ಹೊಸದಾಗಿರಲಿಲ್ಲ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿನಲ್ಲಿ ಕಪ್ಪು ಮತ್ತು ಹಳದಿ ಎಂಬ ಎರಡು ಬಗೆ ಇರುವುದು, ಬೆಟ್ಟದ ಸೀಮೆಯಲ್ಲಿ ಕಪ್ಪು ಹೆಚ್ಚು, ಬಯಲಿನಲ್ಲಿ ಹಳದಿ ಹೆಚ್ಚು ಎನ್ನುವುದು ಅವರಿಗೆ ಗೊತ್ತೇ ಇತ್ತು. ಇದು ತುಡುವೆಯದೇ ಒಂದು ರೂಪವೋ, ನಿಜಕ್ಕೂ ಬೇರೆ ಪ್ರಭೇದವೋ ಎಂಬ ಪ್ರಶ್ನೆಗೆ ವರ್ಗೀಕರಣ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ.

ಈ ಚರ್ಚೆ ತಜ್ಞರಿಗಷ್ಟೇ ಸಂಬಂಧಿಸಿದ್ದು ಎಂದು ಬದಿಗಿಡುವಂತಿಲ್ಲ. ಕಪ್ಪು ಜೇನು ಬೇರೆ ಪ್ರಭೇದವೇ ಆಗಿದ್ದರೆ, ಬಯಲಿನ ಕುಟುಂಬಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಘಟ್ಟಕ್ಕೆ ಸಾಗಿಸುವ, ಘಟ್ಟದವನ್ನು ಬಯಲಿಗೆ ಮಾರುವ ನಮ್ಮ ರೂಢಿಯನ್ನು ಮತ್ತೆ ಯೋಚಿಸಬೇಕಾಗುತ್ತದೆ. ಒಂದೇ ಪ್ರಭೇದದ ಎರಡು ತಳಿಯಾಗಿದ್ದರೂ ಎಚ್ಚರ ಬೇಕು, ಆದರೆ ಆ ಎಚ್ಚರದ ಸ್ವರೂಪವೇ ಬೇರೆ. ಯಾವುದನ್ನು ಉಳಿಸಬೇಕು ಎಂಬುದು ತೀರ್ಮಾನವಾಗುವುದು ಯಾವುದು ಯಾವುದು ಎಂದು ಗೊತ್ತಾದ ಮೇಲೆ. ವರ್ಗೀಕರಣ ಸಂರಕ್ಷಣೆಯ ಮೊದಲ ಕೆಲಸ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಕಪ್ಪು ಜೇನಿಗೆ ಇಷ್ಟೆಲ್ಲ ಗಮನ ಸಿಕ್ಕಿದ್ದು ಅದು ತುಪ್ಪ ಕೊಡುವ ಜೇನು ಎಂಬುದಕ್ಕೆ. ಜಗತ್ತಿನಲ್ಲಿ ಇದುವರೆಗೆ ವಿವರಿಸಿರುವ ಜೇನು ಪ್ರಭೇದಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಭಾರತದಲ್ಲೇ ಏಳುನೂರಕ್ಕೂ ಮಿಕ್ಕಿ ದಾಖಲಾಗಿವೆ. ಹೆಜ್ಜೇನು, ತುಡುವೆ, ಕೋಲುಜೇನು, ಊರೂರಿಗೆ ಮುಜಂಟಿ, ಮಿಸರಿ, ನಸರಿ ಎಂದು ಹೆಸರು ಬದಲಿಸಿಕೊಳ್ಳುವ ಚುಚ್ಚದ ಪುಟ್ಟ ಜೇನುಗಳು, ಇವನ್ನೆಲ್ಲ ಕೂಡಿಸಿದರೂ ಆ ಏಳುನೂರರಲ್ಲಿ ಒಂದು ಚಿಕ್ಕ ಮೂಲೆ ತುಂಬೀತು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ರಾಣಿಯಿಲ್ಲ, ಆಳುಗಳಿಲ್ಲ, ಎರಿಯಿಲ್ಲ. ಒಂದು ಹೆಣ್ಣು ಒಬ್ಬಳೇ ನೆಲದಲ್ಲೋ ಒಣಕಡ್ಡಿಯಲ್ಲೋ ಬಿಲ ಮಾಡಿ, ಪರಾಗದ ಉಂಡೆ ಕಟ್ಟಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತಾಳೆ. ಮರಿ ಹೊರಬರುವ ಹೊತ್ತಿಗೆ ಸಾಮಾನ್ಯವಾಗಿ ತಾಯಿ ಸತ್ತಿರುತ್ತಾಳೆ. ಇಂಥ ಬದುಕಿನಲ್ಲಿ ನಾವು ಕೊಯ್ಯಬಹುದಾದದ್ದು ಏನೂ ಉಳಿಯುವುದಿಲ್ಲ. ಹಾಗಾಗಿ ಅವು ನಮ್ಮ ಲೆಕ್ಕಕ್ಕೇ ಬಂದಿಲ್ಲ.

ಲೆಕ್ಕಕ್ಕೆ ಬಾರದ ಅವುಗಳ ದುಡಿಮೆಯನ್ನು ಬದನೆ ಹೊಲದಲ್ಲಿ ನೋಡಬೇಕು. ಬದನೆ ಹೂವಿನ ಪರಾಗಕೋಶ ಸೀಳಿ ತೆರೆದುಕೊಳ್ಳುವುದಿಲ್ಲ. ಅದರ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದೆ, ಪರಾಗ ಒಳಗಿದೆ. ಮೇಜಿನ ಮೇಲಿನ ಉಪ್ಪಿನ ಡಬ್ಬಿಯಂತೆ, ಅಲುಗಾಡಿಸಿದರೆ ಮಾತ್ರ ಉದುರುತ್ತದೆ. ನೀಲಿ ಪಟ್ಟೆಯ ಅಮೆಗಿಲ್ಲಾ ಜೇನು ಬಂದು ಕೇಸರಗಳ ಗುಂಪನ್ನು ತಬ್ಬಿ, ರೆಕ್ಕೆ ಬಡಿಯದೆ ಹಾರಾಟದ ಸ್ನಾಯುಗಳನ್ನಷ್ಟೇ ನಡುಗಿಸುತ್ತದೆ. ಆಗ ಕೇಳಿಬರುವ ಝೇಂಕಾರ ಹಾರುವಾಗಿನದಕ್ಕಿಂತ ತೀಕ್ಷ್ಣ. ಆ ಕಂಪನಕ್ಕೆ ಪರಾಗ ಧೂಳಾಗಿ ಚಿಮ್ಮಿ ಅದರ ಹೊಟ್ಟೆಯ ಮೇಲೆ ಬೀಳುತ್ತದೆ. ಮರ ಕೊರೆಯುವ ಕಪ್ಪು ದುಂಬಿಗೂ, ನೆಲದಲ್ಲಿ ಗೂಡು ಮಾಡುವ ನೋಮಿಯಾ ಬಳಗದ ಜೇನುಗಳಿಗೂ ಈ ವಿದ್ಯೆ ಬರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆಗಾಗಲಿ, ಯುರೋಪಿನಿಂದ ಬಂದ ಮೆಲ್ಲಿಫೆರಾಗಾಗಲಿ ಬರುವುದಿಲ್ಲ. ಗಾಳಿಯ ಅಲುಗಾಟಕ್ಕೂ ಒಂದಿಷ್ಟು ಪರಾಗ ಉದುರುವುದರಿಂದ ಜೇನಿಲ್ಲದೆಯೂ ಬದನೆ, ಟೊಮ್ಯಾಟೊ ಸ್ವಲ್ಪಮಟ್ಟಿಗೆ ಕಾಯಿ ಕಟ್ಟುತ್ತವೆ. ಆದರೆ ಕಾಯಿ ಹೆಚ್ಚು ಕಚ್ಚಿ, ಒಳಗೆ ಬೀಜ ತುಂಬಿ, ದುಂಡಗೆ ಬೆಳೆಯುವುದರಲ್ಲಿ ಈ ಝೇಂಕಾರದ ಪಾಲು ದೊಡ್ಡದು. ಕೋಲಾರದ ಟೊಮ್ಯಾಟೊ ಹೊಲದ ಅಂಚಿನಲ್ಲಿ ನೂರು ಜೇನುಪೆಟ್ಟಿಗೆ ಇಟ್ಟರೂ ಆ ಕೆಲಸ ಆಗುವುದಿಲ್ಲ. ತಂಗಡಿ, ಕಕ್ಕೆ, ಮಲೆನಾಡಿನ ನೆಕ್ಕರೆಯ ಹೂಗಳದ್ದೂ ಇದೇ ಬಗೆಯ ಬೀಗ.

ತೊಗರಿಯ ಕತೆ ಬೇರೆ ರೀತಿಯದು. ಅದು ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆ. ಆದರೂ ದ್ವಿದಳ ಬೆಳೆಗಳಲ್ಲಿ ಎದ್ದು ಕಾಣುವಷ್ಟು ಪರಕೀಯ ಪರಾಗಸ್ಪರ್ಶ ಅದರಲ್ಲಿ ನಡೆಯುತ್ತದೆ, ಅದಕ್ಕೆ ಮುಖ್ಯ ಕಾರಣ ಮೆಗಾಕೈಲ್ ಕುಲದ, ಎಲೆ ಕತ್ತರಿಸುವ ಜೇನುಗಳು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ತೊಗರಿಯಲ್ಲಿ ಹೈಬ್ರಿಡ್ ತಂದಾಗ, ಗಂಡು ಬಂಜೆ ಸಾಲುಗಳಲ್ಲಿ ಕಾಯಿ ಕಟ್ಟಿಸುವ ಹೊಣೆ ಬಹುಮಟ್ಟಿಗೆ ಈ ಜೇನುಗಳ ಮೇಲೆ ಬಿತ್ತು. ಯಾರೂ ಸಾಕದ, ಯಾರೂ ಎಣಿಸದ ನೊಣವೊಂದನ್ನು ನಂಬಿ ಒಂದು ಬೀಜೋತ್ಪಾದನಾ ತಂತ್ರಜ್ಞಾನವೇ ನಿಂತಿತು. ತೊಗರಿಯ ಕಣಜವೆನಿಸಿದ ಕಲಬುರಗಿ ಸೀಮೆಯಲ್ಲಿ ಈ ಜೇನಿನ ಬಗ್ಗೆ ಎಷ್ಟು ರೈತಸಭೆಗಳಲ್ಲಿ ಮಾತು ಬಂದಿರಬಹುದು? ಇದೇ ಜೇನು ನಮ್ಮ ಮನೆಯಂಗಳದ ಗುಲಾಬಿ ಎಲೆಯಲ್ಲಿ ವೃತ್ತಾಕಾರದ ತುಂಡು ಕತ್ತರಿಸಿದರೆ ನಾವು ಔಷಧಿ ಹೊಡೆಯುತ್ತೇವೆ. ಗಿಡಕ್ಕೆ ಅದರಿಂದ ಹೆಚ್ಚೇನೂ ತೊಂದರೆಯಿಲ್ಲ, ಆ ತುಂಡುಗಳು ಮರಿಗಳ ತೊಟ್ಟಿಲಿಗೆ ಹೋಗುತ್ತವೆ.

ವರ್ಗೀಕರಣ ಎಂದರೆ ಸತ್ತ ನೊಣಕ್ಕೆ ಗುಂಡುಸೂಜಿ ಚುಚ್ಚಿ ಲ್ಯಾಟಿನ್ ಹೆಸರು ಅಂಟಿಸುವುದು ಎಂಬ ಭಾವನೆ ನಮ್ಮಲ್ಲಿದೆ. ವಿಜ್ಞಾನ ಓದಿದವರಲ್ಲೂ ಇದೆ. ಜೇನುಗಳ ಮಟ್ಟಿಗಂತೂ ಇದು ತೀರಾ ತಪ್ಪು. ಇವು ಡೈನೋಸಾರ್‌ಗಳ ಕಾಲದಲ್ಲಿ, ಬೇಟೆಯಾಡುವ ಕಡಜಗಳಿಂದ ಕವಲೊಡೆದ ಜೀವಿಗಳು. ಮರಿಗಳಿಗೆ ಹುಳುವಿನ ಬದಲು ಪರಾಗ ಉಣಿಸತೊಡಗಿದ ಕಡಜಗಳೇ ಜೇನುಗಳಾದವು. ಪರಾಗವನ್ನು ಎಲ್ಲಿ ಹೊರಬೇಕು, ಮರಿಯನ್ನು ಎಲ್ಲಿ ಬಚ್ಚಿಡಬೇಕು ಎಂಬ ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ವಂಶಗಳು ಬೇರೆ ಬೇರೆ ಉತ್ತರ ಕಂಡುಕೊಂಡವು. ಚಾರ್ಲ್ಸ್ ಮಿಚೆನರ್ ತಮ್ಮ ಜೀವಮಾನದ ದುಡಿಮೆಯನ್ನು ಹೂಡಿ 2000ರಲ್ಲಿ ಹೊರತಂದ ಜಗತ್ತಿನ ಜೇನುಗಳ ಬೃಹತ್ ಗ್ರಂಥ ಈ ಉತ್ತರಗಳ ನಕ್ಷೆಯೂ ಹೌದು. ಇಂದು ಜೇನುಗಳನ್ನು ಏಳು ಕುಟುಂಬಗಳಾಗಿ ವಿಂಗಡಿಸುತ್ತಾರೆ. ಅದರಲ್ಲಿ ಒಂದು ಆಸ್ಟ್ರೇಲಿಯಾ ಬಿಟ್ಟು ಬೇರೆಲ್ಲೂ ಇಲ್ಲ.

ಒಂದು ಜೇನು ಹೊಟ್ಟೆಯ ಅಡಿಭಾಗದ ಕೂದಲಲ್ಲಿ ಪರಾಗ ಹೊತ್ತಿದ್ದರೆ ಅದು ಮೆಗಾಕೈಲಿಡೇ ಕುಟುಂಬದ್ದು ಎಂದು ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಅದರ ಬೇಡಿಕೆಯೂ ಬಹುಪಾಲು ತಿಳಿಯುತ್ತದೆ: ಮೊದಲೇ ಇರುವ ಪೊಟರೆ, ಅಂದರೆ ಜೀರುಂಡೆ ಕೊರೆದು ಬಿಟ್ಟ ಒಣಮರದ ತೂತು, ಬಿದಿರಿನ ತುಂಡು, ಹಳೆ ಬಾಗಿಲಿನ ಚಿಲಕದ ಕುಳಿ. ಸಣ್ಣ ಹ್ಯಾಲಿಕ್ಟಿಡೇ ಜೇನುಗಳಾದರೆ ಹೆಚ್ಚಾಗಿ ಬೇಕಿರುವುದು ಗಟ್ಟಿಯಾದ, ಬಿಸಿಲು ಬೀಳುವ, ಯಾರೂ ಅಗೆಯದ ನೆಲ. ಅಮೆಗಿಲ್ಲಾಕ್ಕೂ ಮಣ್ಣೇ ಬೇಕು, ಹಳೆಯ ಮಣ್ಣಿನ ಗೋಡೆಯಾದರೂ ಆದೀತು. ಸೆರಾಟಿನಾ ಎಂಬ ಕಿರುದುಂಬಿಗೆ ಮುರಿದ ಕಡ್ಡಿಯೊಳಗಿನ ಮೆತ್ತನೆಯ ತಿರುಳು, ಬೇಲಿಯ ಒಣ ಲಂಟಾನವಾದರೂ ಸರಿ. ದೊಡ್ಡ ಕಪ್ಪು ದುಂಬಿಗೆ ಒಣ ಮರ. ಥೈರಿಯಸ್‌ನಂಥ ಕೋಗಿಲೆ ಜೇನುಗಳು ತಾವು ಗೂಡು ಕಟ್ಟದೆ ಅಮೆಗಿಲ್ಲಾದ ಗೂಡಿನಲ್ಲಿ ಮೊಟ್ಟೆಯಿಡುತ್ತವೆ. ಹಾಗಾಗಿ ಥೈರಿಯಸ್ ಕಂಡ ಊರಿನಲ್ಲಿ ಅದರ ಆತಿಥೇಯ ಜೇನು ಚೆನ್ನಾಗಿ ನೆಲೆಸಿದೆ ಎಂದೂ ಅರ್ಥ. ಹೆಸರು ತಿಳಿದರೆ ಮನೆ ತಿಳಿಯುತ್ತದೆ, ಮನೆ ತಿಳಿದರೆ ಅದನ್ನು ಯಾರು ಕೆಡವುತ್ತಿದ್ದಾರೆ ಎಂಬುದೂ ತಿಳಿಯುತ್ತದೆ.

ಅದರಲ್ಲೂ ಕೆಲವು ಸಂಗತಿಗಳನ್ನು ಹೆಸರಿಟ್ಟು ಬೆನ್ನುಹತ್ತದೆ ಊಹಿಸುವುದಕ್ಕೂ ಸಾಧ್ಯವಿರಲಿಲ್ಲ. ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಅವರ ಸಂಗಡಿಗರು ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಕ್ಸೈಲೋಕೋಪಾ ಟ್ರಾಂಕ್ವೆಬಾರಿಕಾ ಎಂಬ ದುಂಬಿಯನ್ನು ಅಧ್ಯಯನ ಮಾಡಿದರು. ಅದು ಚಂದ್ರನಿಲ್ಲದ ರಾತ್ರಿಯಲ್ಲೂ ಹಾರುತ್ತದೆ, ನಕ್ಷತ್ರದ ಬೆಳಕಿನಲ್ಲೇ ಬಣ್ಣ ಗುರುತಿಸುತ್ತದೆ ಎಂದು 2008ರಲ್ಲಿ ತೋರಿಸಿಕೊಟ್ಟರು. ಹಗಲಲ್ಲಿ ಕಾಣುವ ಇತರ ಕಪ್ಪು ದುಂಬಿಗಳೊಡನೆ ಇದನ್ನೂ ಒಂದೇ ಎಂದು ಬಿಟ್ಟಿದ್ದರೆ, ರಾತ್ರಿ ಅರಳುವ ಕಾಡುಮರಗಳ ಹೂವಿಗೆ ಯಾರು ಬರುತ್ತಾರೆಂಬುದು ಕತ್ತಲಲ್ಲೇ ಉಳಿಯುತ್ತಿತ್ತು. ಏಲಕ್ಕಿಯಲ್ಲಿ ಇನ್ನೊಂದು ಬಗೆಯ ಪಾಠವಿದೆ. 2009ರಲ್ಲಿ ಪ್ರಕಟವಾದ ಪಶ್ಚಿಮಘಟ್ಟದ ಅಧ್ಯಯನದ ಪ್ರಕಾರ, ಕಾಡಿನ ಏಲಕ್ಕಿಗೆ ಮುಖ್ಯ ಪರಾಗಸ್ಪರ್ಶಕಗಳು ಮೆಗಾಕೈಲ್, ಅಮೆಗಿಲ್ಲಾದಂಥ ಒಂಟಿ ಜೇನುಗಳು. ತೋಟದ ಏಲಕ್ಕಿಗೆ ಬರುವವು ಹೆಜ್ಜೇನು, ತುಡುವೆ, ಮುಜಂಟಿ. ನಾವು ಗಿಡವನ್ನು ಕಾಡಿನಿಂದ ತೋಟಕ್ಕೆ ತಂದಾಗ ಅದರ ಹಳೆಯ ಸಂಗಾತಿ ಕಾಡಿನಲ್ಲೇ ಉಳಿಯಿತು. ಕಾಡಿನ ಏಲಕ್ಕಿ ಮುಂದಿನ ತಳಿ ಅಭಿವೃದ್ಧಿಗೆ ಬೇಕಾದ ಮೂಲ ಬಂಡವಾಳ. ಆ ಜೇನುಗಳು ಹೋದರೆ ಅದರ ವಂಶವೂ ಕ್ಷೀಣಿಸುತ್ತದೆ.

ಇಷ್ಟು ಮಹತ್ವದ ಕೆಲಸ ಮಾಡಲು ನಮ್ಮಲ್ಲಿ ಎಷ್ಟು ಜನರಿದ್ದಾರೆ? ಭಾರತದ ಜೇನುಗಳ ಮೇಲೆ ಕೆಲಸ ಮಾಡುವವರು ಇಂದಿಗೂ ಸಿ. ಟಿ. ಬಿಂಗ್‌ಹ್ಯಾಮ್ 1897ರಲ್ಲಿ ಬ್ರಿಟಿಷ್ ಭಾರತದ ಪ್ರಾಣಿಸಂಕುಲ ಮಾಲೆಗಾಗಿ ಬರೆದ ಕಡಜ ಮತ್ತು ಜೇನುಗಳ ಸಂಪುಟವನ್ನು ತೆರೆಯಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಂದ ಹಿಡಿದು ಒಯ್ದ ಎಷ್ಟೋ ಜೇನುಗಳ ಮೂಲ ಮಾದರಿಗಳು ಲಂಡನ್ನಿನಲ್ಲೂ ಯುರೋಪಿನ ಬೇರೆ ಸಂಗ್ರಹಾಲಯಗಳಲ್ಲೂ ಇವೆ. ಧಾರವಾಡದಲ್ಲೋ ಮೂಡಿಗೆರೆಯಲ್ಲೋ ಕುಳಿತ ಯುವ ಸಂಶೋಧಕಿಗೆ ತನ್ನ ಕೈಯಲ್ಲಿರುವ ನೊಣ ಹೊಸತೋ ಹಳತೋ ಎಂದು ಖಚಿತಪಡಿಸಿಕೊಳ್ಳಲು ಆ ಮಾದರಿಯನ್ನು ನೋಡಲೇಬೇಕಾದ ಸಂದರ್ಭಗಳಿವೆ. ಚುಚ್ಚದ ಜೇನುಗಳನ್ನೇ ನೋಡಿ. ಅವುಗಳಲ್ಲಿ ಹೆಚ್ಚಿನವನ್ನು ಬಹುಕಾಲ ಒಂದೇ ಹೆಸರಿನಡಿ ತುಂಬಿಟ್ಟಿದ್ದರು, 1854ರಲ್ಲಿ ಶ್ರೀಲಂಕಾದ ಮಾದರಿಯಿಂದ ವಿವರಿಸಿದ ಇರಿಡಿಪೆನ್ನಿಸ್ ಎಂಬ ಹೆಸರು ಅದು. 2013ರಲ್ಲಿ ಈ ಉಪಖಂಡದ ಚುಚ್ಚದ ಜೇನುಗಳ ಸಮಗ್ರ ಪರಿಷ್ಕರಣೆ ಹೊರಬಂದ ಮೇಲೆ ಗಂಟು ಬಿಡಿಸುವ ಕೆಲಸಕ್ಕೆ ವೇಗ ಬಂತು, ಆಮೇಲೆ ದಕ್ಷಿಣ ಭಾರತದಿಂದಲೇ ಹೊಸ ಪ್ರಭೇದಗಳನ್ನು ವಿವರಿಸಿದ್ದಾರೆ. ಮನೆಗೋಡೆಯ ಸಂದಿನಲ್ಲಿ ಶತಮಾನಗಳಿಂದ ನಮ್ಮ ಜೊತೆ ಬಾಳಿದ, ಔಷಧಕ್ಕೆಂದು ತುಪ್ಪ ತೆಗೆದ ಜೇನಿನ ಸ್ಥಿತಿಯೇ ಇದು. ನೆಲದ ಬಿಲದಲ್ಲಿರುವವುಗಳ ಸ್ಥಿತಿ ಏನಿರಬಹುದು ಎಂದು ಬೇರೆ ಹೇಳಬೇಕಿಲ್ಲ.

ಇಷ್ಟು ಶ್ರೀಮಂತವಾದ, ಮುನ್ನೂರು ವರ್ಷಗಳಿಂದ ಕೀಟ ಸಂಗ್ರಹದ ಹವ್ಯಾಸವಿರುವ ಯುರೋಪ್ ಕೂಡ ಈ ಮಾಹಿತಿಯ ಕೊರತೆಯನ್ನು ಗೆದ್ದಿಲ್ಲ. 2014ರಲ್ಲಿ ಅಲ್ಲಿನ 1,965 ಜೇನು ಪ್ರಭೇದಗಳಿಗೆ ಕೆಂಪು ಪಟ್ಟಿ ತಯಾರಿಸಿದಾಗ, ಶೇ. 9ರಷ್ಟು ಅಪಾಯದಲ್ಲಿವೆ ಎಂದು ಕಂಡುಬಂತು. ಅದಕ್ಕಿಂತ ಕಳವಳಕಾರಿಯಾದದ್ದು ಶೇ. 56ಕ್ಕೂ ಹೆಚ್ಚು ಪ್ರಭೇದಗಳ ಬಗ್ಗೆ ತೀರ್ಮಾನಿಸಲು ಮಾಹಿತಿಯೇ ಇಲ್ಲ ಎಂಬ ಒಪ್ಪಿಗೆ. ಅಪಾಯದಲ್ಲಿದೆ ಎಂದು ಸಾಬೀತಾಗದ ಜೀವಿಗೆ ಕಾನೂನಿನ ರಕ್ಷಣೆ ಸಿಗುವುದಿಲ್ಲ, ಹಣವೂ ಸಿಗುವುದಿಲ್ಲ.

ಇನ್ನು ನಮ್ಮ ಸಂರಕ್ಷಣೆಯ ನೀತಿಗೆ ಬರೋಣ. 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿಗಳ ರಾಷ್ಟ್ರೀಯ ಯೋಜನೆ ಘೋಷಿಸಿತು. ಗ್ರಾಮೀಣ ಆದಾಯದ ದೃಷ್ಟಿಯಿಂದ ಇದು ಒಳ್ಳೆಯ ಕೆಲಸ, ಅದನ್ನು ನಾನು ವಿರೋಧಿಸುತ್ತಿಲ್ಲ. ಸಣ್ಣ ಹಿಡುವಳಿಯ ರೈತನಿಗೆ ನಾಲ್ಕು ಪೆಟ್ಟಿಗೆಯಿಂದ ಬರುವ ಹಣ ನಿಜವಾದ ಹಣ. ತೊಂದರೆ ಇರುವುದು ಆ ಪೆಟ್ಟಿಗೆಯನ್ನು ಪರಿಸರ ಸಂರಕ್ಷಣೆಯ ಖಾತೆಗೆ ಬರೆಯುವುದರಲ್ಲಿ. ಮೇ 20ರ ವಿಶ್ವ ಜೇನು ದಿನದಂದು ಶಾಲೆಗಳಲ್ಲಿ, ಕಂಪನಿ ಆವರಣಗಳಲ್ಲಿ ಪೆಟ್ಟಿಗೆ ಇಟ್ಟು ಜೇನನ್ನು ಉಳಿಸಿದೆವು ಎಂದು ಹೇಳುವುದು ಕೋಳಿ ಸಾಕಿ ಪಕ್ಷಿಸಂಕುಲ ಉಳಿಸಿದೆವು ಎನ್ನುವಷ್ಟೇ ತಪ್ಪು. ಸಾಕಿದ ಜೇನು ಒಂದೇ ಜಾಗದಲ್ಲಿ ಸಾವಿರಗಟ್ಟಲೆ ಸೇರಿದಾಗ ಹೂವಿಗಾಗಿ ಕಾಡುಜೇನುಗಳೊಡನೆ ಪೈಪೋಟಿ ನಡೆಸುತ್ತದೆ, ರೋಗವನ್ನೂ ದಾಟಿಸಬಲ್ಲದು. ಚಿಲಿ ದೇಶ ಟೊಮ್ಯಾಟೊ ಬೆಳೆಗೆಂದು 1990ರ ದಶಕದ ಕೊನೆಯಲ್ಲಿ ಯುರೋಪಿನ ಬಂಬಲ್ ಬೀ ಜೇನನ್ನು ತರಿಸಿಕೊಂಡಿತು. ಅದು ಹಸಿರುಮನೆಯಿಂದ ಹೊರಬಿದ್ದು ಆಂಡೀಸ್ ದಾಟಿ ಅರ್ಜೆಂಟೀನಾಕ್ಕೂ ಹಬ್ಬಿತು. ಅದು ಹಬ್ಬಿದ ಮೇಲೆ ಅಲ್ಲಿನದೇ ಆದ, ಜಗತ್ತಿನ ಅತಿದೊಡ್ಡ ಬಂಬಲ್ ಬೀಗಳಲ್ಲೊಂದಾದ ಕೇಸರಿ ಮೈಯ ಪ್ರಭೇದ ಬಹುಭಾಗದಲ್ಲಿ ಕಾಣೆಯಾಯಿತು. ದಕ್ಷಿಣ ಭಾರತದಲ್ಲಿ ಬಂಬಲ್ ಬೀ ಸ್ವಾಭಾವಿಕವಾಗಿ ಇಲ್ಲ, ಅವು ಹಿಮಾಲಯದವು. ಪಾಲಿಹೌಸ್ ಬೇಸಾಯ ಹೆಚ್ಚುತ್ತಿರುವ ಈ ದಿನಗಳಲ್ಲಿ ಅವನ್ನು ಇಲ್ಲಿಗೆ ತರಬೇಕೆಂಬ ಆಸೆ ಯಾರಿಗಾದರೂ ಹುಟ್ಟಿದರೆ ಅದನ್ನು ಮೊಳಕೆಯಲ್ಲೇ ತಡೆಯಬೇಕು. ಝೇಂಕರಿಸಿ ಪರಾಗ ಉದುರಿಸುವ ಅಮೆಗಿಲ್ಲಾ ನಮ್ಮ ಬದುಗಳಲ್ಲೇ ಇರುವಾಗ ಆ ಅಪಾಯವನ್ನು ಕೊಂಡು ತರುವ ಅಗತ್ಯ ಏನು?

ಒಂದೇ ಪ್ರಭೇದವನ್ನು ನೆಚ್ಚಿಕೊಂಡರೆ ಏನಾಗುತ್ತದೆಂದು ಕರ್ನಾಟಕ ಒಮ್ಮೆ ಕಂಡಿದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ಹಬ್ಬಿದಾಗ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಕೊಡಗು, ದಕ್ಷಿಣ ಕನ್ನಡಗಳಲ್ಲಿ ಪೆಟ್ಟಿಗೆಗಳು ಖಾಲಿಯಾದವು, ತಲೆಮಾರುಗಳ ಕಸುಬು ನಿಂತಿತು. ತುಡುವೆ ಬಳಿಕ ನಿಧಾನವಾಗಿ ಚೇತರಿಸಿಕೊಂಡದ್ದು ಕಾಡಿನಲ್ಲಿ ಬದುಕುಳಿದ ಕುಟುಂಬಗಳಿಂದಲೂ ಹೌದು. ಪೆಟ್ಟಿಗೆಯ ಜೇನಿಗೆ ಕಾಡೇ ಠೇವಣಿ ಎಂಬುದನ್ನು ಆ ವರ್ಷಗಳಿಗಿಂತ ಸ್ಪಷ್ಟವಾಗಿ ಇನ್ನಾವುದೂ ಹೇಳಿಲ್ಲ.

ಪ್ರಭೇದಗಳ ಹೆಸರಿಗಾಗಿ ಕಾಯುತ್ತ ಕುಳಿತರೆ ಅಷ್ಟರಲ್ಲಿ ಎಲ್ಲವೂ ಹೋಗಿರುತ್ತದೆ, ಆವಾಸವನ್ನು ಉಳಿಸಿದರೆ ಹೆಸರು ಗೊತ್ತಿಲ್ಲದವೂ ತಾವಾಗಿ ಉಳಿಯುತ್ತವೆ ಎಂದು ಕೆಲವು ಪರಿಸರವಾದಿ ಗೆಳೆಯರು ವಾದಿಸುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ, ತುರ್ತು ಇರುವುದಂತೂ ನಿಜ. ಆದರೆ ಯಾವ ಆವಾಸ? ಜೇನುಗಳಲ್ಲಿ ಬಹುಪಾಲು ನೆಲದಲ್ಲಿ ಗೂಡು ಮಾಡುವಂಥವು ಎಂದು ಗೊತ್ತಿಲ್ಲದ ಅಧಿಕಾರಿ, ಬಿಸಿಲು ಬೀಳುವ ಬರಡು ದಿಣ್ಣೆಯನ್ನು ಪಾಳುಭೂಮಿ ಎಂದು ಕರೆದು ಅಲ್ಲಿ ಅಕೇಶಿಯಾ ನೆಡಿಸುತ್ತಾನೆ, ಅದೂ ಹಸಿರೀಕರಣದ ಹೆಸರಿನಲ್ಲೇ. ಒಣಮರ ತೆಗೆದು ಉದ್ಯಾನ ಚೊಕ್ಕಟ ಮಾಡುವುದು, ಹಳ್ಳಿಯ ಬೇಲಿ ಕಿತ್ತು ತಂತಿ ಎಳೆಯುವುದು, ಬದುವಿನ ತುಂಬೆ, ತಂಗಡಿ, ಲಕ್ಕಿಗಳ ಮೇಲೆ ಕಳೆನಾಶಕ ಹೊಡೆಯುವುದು, ಇವನ್ನೆಲ್ಲ ನಾವು ಅಭಿವೃದ್ಧಿ ಎಂದೋ ಶುಚಿತ್ವ ಎಂದೋ ಮಾಡುತ್ತೇವೆ. ಜೇನಿಗೆ ಬೇಕಾದ ಆವಾಸ ನಮ್ಮ ಕಣ್ಣಿಗೆ ಸುಂದರವಾಗಿ ಕಾಣುವ ಆವಾಸವೇ ಆಗಿರಬೇಕಿಲ್ಲ.

ವಿಷದ ಪ್ರಶ್ನೆಯಲ್ಲೂ ಇದೇ ಕುರುಡುತನ. ಕೀಟನಾಶಕ ಜೇನಿಗೆ ಸುರಕ್ಷಿತವೇ ಎಂದು ಪರೀಕ್ಷಿಸುವಾಗ ಬಳಸುವುದು ಬಹುತೇಕ ಸಾಕುವ ಜೇನನ್ನು. ಸಾಕುವ ಜೇನಿನ ಗೂಡು ಮಣ್ಣಿನಲ್ಲಿಲ್ಲ. ಒಂದು ಆಳು ಸತ್ತರೆ ಸಾವಿರ ಆಳುಗಳು ಉಳಿಯುತ್ತವೆ. ಒಂಟಿ ಜೇನಿನಲ್ಲಿ ಆ ಒಬ್ಬಳು ಸತ್ತರೆ ಅವಳ ಸಂತಾನವೇ ಮುಗಿಯಿತು, ನೆಲದಲ್ಲಿ ಗೂಡು ಮಾಡುವವಳಾದರೆ ಜೊತೆಗೆ ಅವಳು ತನ್ನ ಜೀವನವಿಡೀ ಮಣ್ಣಿನಲ್ಲಿ ಬೆರೆತ ವಿಷವನ್ನು ಅಗೆಯುತ್ತಿರುತ್ತಾಳೆ. ಕೆನಡಾದ ಒಂಟಾರಿಯೋದಲ್ಲಿ ಕುಂಬಳದ ಹೂವನ್ನೇ ನಂಬಿದ ನೆಲಜೇನಿನ ಮೇಲೆ ಇಮಿಡಾಕ್ಲೋಪ್ರಿಡ್‌ನ ಪರಿಣಾಮವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಣ್ಣಿಗೆ ಆ ವಿಷ ಬಿದ್ದಲ್ಲಿ ಜೇನುಗಳು ಶೇ. 85ರಷ್ಟು ಕಡಿಮೆ ಗೂಡು ಮಾಡಿದವು. ಅದೇ ಇಮಿಡಾಕ್ಲೋಪ್ರಿಡ್ ನಮ್ಮ ಯಾವ ಊರಿನ ಗೊಬ್ಬರದಂಗಡಿಯಲ್ಲಿ ಸಿಗುವುದಿಲ್ಲ?

ಕಲುಷಿತ ಗಾಳಿಯ ಬಗ್ಗೆ ನಮಗೆ ಬೆಂಗಳೂರಿನಿಂದಲೇ ಸಾಕ್ಷ್ಯವಿದೆ. ಗೀತಾ ತಿಮ್ಮೇಗೌಡ, ಶಾನನ್ ಓಲ್ಸನ್ ಮತ್ತು ಸಂಗಡಿಗರು ನಗರದ ಬೇರೆ ಬೇರೆ ಮಾಲಿನ್ಯ ಮಟ್ಟದ ಜಾಗಗಳಲ್ಲಿ 1,800ಕ್ಕೂ ಹೆಚ್ಚು ಹೆಜ್ಜೇನುಗಳನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಲಿನ್ಯ ಹೆಚ್ಚಿದ್ದ ಕಡೆಯಿಂದ ಹಿಡಿದ ಜೇನುಗಳಲ್ಲಿ ಶೇ. 80ಕ್ಕೂ ಹೆಚ್ಚು 24 ಗಂಟೆಯೊಳಗೆ ಸತ್ತವು, ಅಂಥಲ್ಲಿ ಹೂವಿಗೆ ಬರುವ ಜೇನುಗಳೂ ಕಡಿಮೆಯಿದ್ದವು. ಹೆಜ್ಜೇನು ದೊಡ್ಡದು, ಬಲವಾದದ್ದು, ದೂರ ಹಾರಿ ಬೇರೆಡೆ ಮೇಯಬಲ್ಲದು. ಗೂಡಿನಿಂದ ಕೆಲವು ನೂರು ಮೀಟರಿನಾಚೆ ಹೋಗಲಾರದ ಸಣ್ಣ ನೆಲಜೇನಿಗೆ ಆ ಅನುಕೂಲವೂ ಇಲ್ಲ.

ಜೇನುಗಳನ್ನು ಗುರುತಿಸುವ ಜ್ಞಾನ ವಿಜ್ಞಾನಿಗಳಿಗಷ್ಟೇ ಸೀಮಿತವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ ಎಂದು ಜೇನುಗಳನ್ನು ಹೆಸರಿಸುವುದಷ್ಟೇ ಅಲ್ಲ, ಯಾವ ಹೂ ಬಿಟ್ಟಾಗ ಯಾವ ಜೇನು ಎಲ್ಲಿರುತ್ತದೆ ಎಂಬುದನ್ನೂ ಬಲ್ಲರು. 2006ರ ಅರಣ್ಯ ಹಕ್ಕು ಕಾಯ್ದೆ ಜೇನುತುಪ್ಪವನ್ನು ಕಿರು ಅರಣ್ಯ ಉತ್ಪನ್ನವೆಂದು ಹೆಸರಿಸಿ, ಅದರ ಮೇಲೆ ಕಾಡಿನ ಜನರ ಹಕ್ಕನ್ನು ಒಪ್ಪಿಕೊಂಡಿತು. ಆ ಜ್ಞಾನಕ್ಕೆ ಸಂದ ಗೌರವ ಅದು. ಆದರೆ ಅಲ್ಲೂ ಕಾನೂನು ಕಂಡದ್ದು ತುಪ್ಪವನ್ನು.

ಏನು ಮಾಡಬಹುದು ಎಂಬುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಜೈವಿಕ ವೈವಿಧ್ಯ ಕಾಯ್ದೆ, 2002ರ ಅಡಿಯಲ್ಲಿ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಆ ದಾಖಲಾತಿಯ ಕೀಟಗಳ ಪುಟದಲ್ಲಿ ತುಪ್ಪದ ಜೇನುಗಳಾಚೆಗೆ ಯಾವೊಂದು ಜೇನೂ ನಮೂದಾಗದಿದ್ದರೆ ಅದನ್ನು ಅಪೂರ್ಣವೆಂದು ಹಿಂತಿರುಗಿಸುವ ನಿಯಮ ಬರಲಿ. ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಂಥ ಸಂಸ್ಥೆಗೂ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಿಗೂ ಜೇನು ವರ್ಗೀಕರಣಕ್ಕೆಂದೇ ಕಾಯಂ ಹುದ್ದೆಗಳು ಸಿಗಲಿ. ಮೂರು ವರ್ಷದ ಯೋಜನೆ ಮುಗಿದೊಡನೆ ಬೀದಿಗೆ ಬೀಳುವ ಸಂಶೋಧಕರಿಂದ ಇನ್ನೂರು ವರ್ಷದ ಬಾಕಿ ಕೆಲಸ ತೀರುವುದಿಲ್ಲ. ಕೀಟನಾಶಕದ ಪರೀಕ್ಷೆಯಲ್ಲಿ ಕನಿಷ್ಠ ಒಂದು ನೆಲಜೇನು ಸೇರಲಿ. 500 ಕೋಟಿಯ ಯೋಜನೆಯಲ್ಲಿ ಒಂದು ಪಾಲನ್ನು, ಸಣ್ಣ ಪಾಲಾದರೂ ಸರಿ, ಪೆಟ್ಟಿಗೆ ಬೇಡದ ಜೇನುಗಳಿಗಾಗಿ ಬದುವಿನಲ್ಲಿ ಹೂಗಿಡ ಬಿಟ್ಟು, ಬೇಲಿ ಉಳಿಸಿಕೊಂಡ ರೈತರಿಗೆ ಕೊಡಲಿ. ತೊಗರಿಯ ಹೊಲವಿರುವಲ್ಲಿ ಅದು ತೊಗರಿಗೆ, ಬದನೆಯ ಹೊಲವಿರುವಲ್ಲಿ ಬದನೆಗೆ, ಅದೇ ಸುಗ್ಗಿಯಲ್ಲಿ ಮರಳಿ ಬರುತ್ತದೆ.